ಚೆಸ್ಟರ್‌ಫೀಲ್ಡ್ ಚರ್ಚಿನ ಸೊಟ್ಟ ಶಿಖರ: ತಪ್ಪು ಯಾರದು? ಯಾಕೆ ಯಾರೂ ನೆಟ್ಟಗೆ ಮಾಡಲಿಲ್ಲ?

ನೀಲಗಿರಿತೋಪು
ಶೆಫೀಲ್ಡ್‌ಗೆ ಬಂದು ನಾಲ್ಕು ತಿಂಗಳಾಯಿತು. ಕಳೆದ ಶನಿವಾರ ರೈಲಿನಲ್ಲಿ ಡರ್ಬಿಗೆ ಹೊರಟಿದ್ದೆವು. ಚೆಸ್ಟರ್‌ಫೀಲ್ಡ್ ನಿಲ್ದಾಣ ಹತ್ತಿರವಾಗುತ್ತಿದ್ದಂತೆ ಎಂಟು ವರ್ಷದ ಮಗ ಕಿಟಕಿಗೆ ಮೂಗು ಒತ್ತಿಕೊಂಡು, "ಅಮ್ಮಾ, ಆ ಚರ್ಚನ್ನು ಯಾರೋ ಹಿಂಡಿಬಿಟ್ಟಿದ್ದಾರೆ" ಎಂದ. ನೋಡಿದರೆ ಹಾಗೆಯೇ ಇದೆ! ಕೆಳಗೆ ಚೌಕಾಕಾರದ ಕಲ್ಲಿನ ಗೋಪುರ ಅಚ್ಚುಕಟ್ಟಾಗಿ ನಿಂತಿದೆ. ಅದರ ಮೇಲಿನ ಚೂಪು ಶಿಖರ ಮಾತ್ರ ಹಿಂಡಿದ ಪಂಚೆಯಂತೆ ತಿರುಚಿಕೊಂಡು ಒಂದು ಕಡೆಗೆ ವಾಲಿದೆ.

ಎದುರು ಸೀಟಿನಲ್ಲಿದ್ದ ಅಜ್ಜಿಯೊಬ್ಬರು ನಗುತ್ತಾ, "ಸೈತಾನ ಅದರ ಮೇಲೆ ಕೂತಿದ್ದಾಗ ಸೀನಿಬಿಟ್ಟ" ಎಂದರು. ಅಲ್ಲಿಂದ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ನಿಜವಾದ ಕಾರಣ ಏನು? ಇಷ್ಟು ವರ್ಷ ಬೀಳದೆ ಹೇಗೆ ನಿಂತಿದೆ? ಇಂಥ ದೊಡ್ಡ ಕ್ಯಾಥೆಡ್ರಲ್ಲನ್ನು ಸರಿಪಡಿಸಲು ದುಡ್ಡಿಲ್ಲವೇ? ಬಲ್ಲವರು ತಿಳಿಸಿ.

ಡರ್ಬಿಯ_ದಾರಿಹೋಕ
ಮೊದಲು ಒಂದು ತಿದ್ದುಪಡಿ. ಅದು ಕ್ಯಾಥೆಡ್ರಲ್ ಅಲ್ಲ, ಪ್ಯಾರಿಷ್ ಚರ್ಚು. ಬಿಷಪ್ಪರ ಪೀಠ ಇರುವ ಚರ್ಚು ಮಾತ್ರ ಕ್ಯಾಥೆಡ್ರಲ್ ಎನಿಸಿಕೊಳ್ಳುತ್ತದೆ, ಗಾತ್ರಕ್ಕೂ ಹೆಸರಿಗೂ ಸಂಬಂಧವಿಲ್ಲ. ಚೆಸ್ಟರ್‌ಫೀಲ್ಡ್‌ನದು ಡರ್ಬಿಶೈರ್‌ನಲ್ಲೇ ಅತಿ ದೊಡ್ಡ ಚರ್ಚು, ಆದರೂ ಬಿಷಪ್ಪರಿರುವುದು ನಮ್ಮ ಡರ್ಬಿಯಲ್ಲಿ. ನಮ್ಮದು ಕೂಡ 1927ರವರೆಗೆ ಬರೀ ಪ್ಯಾರಿಷ್ ಚರ್ಚೇ ಆಗಿತ್ತು, ಆಮೇಲೆ ಬಡ್ತಿ ಸಿಕ್ಕಿತು.

ಚೆಸ್ಟರ್‌ಫೀಲ್ಡ್ ಚರ್ಚಿನ ಪೂರ್ಣ ಹೆಸರು ಸಂತ ಮೇರಿ ಮತ್ತು ಸರ್ವಸಂತರ ಚರ್ಚು. ನೆಲದಿಂದ ಶಿಖರದ ತುದಿಗೆ 228 ಅಡಿ. ತುದಿ ಇರಬೇಕಾದ ಜಾಗದಿಂದ 9 ಅಡಿ 6 ಅಂಗುಲ ನೈಋತ್ಯಕ್ಕೆ ಸರಿದಿದೆ. ತಿರುಚಿಕೊಂಡಿರುವುದು 45 ಡಿಗ್ರಿ. ಈ ಅಂಕಿಗಳನ್ನು ಆ ಊರಿನವರು ತಮ್ಮ ಮಕ್ಕಳ ಹುಟ್ಟುಹಬ್ಬದಂತೆ ನೆನಪಿಟ್ಟುಕೊಂಡಿರುತ್ತಾರೆ. ಊರಿನ ಫುಟ್ಬಾಲ್ ತಂಡದ ಅಡ್ಡಹೆಸರು ಕೂಡ 'ಸ್ಪೈರೈಟ್ಸ್', ಅಂದರೆ ಶಿಖರದವರು.

ಒಗ್ಗರಣೆ_ಡಬ್ಬಿ
ಸೊಟ್ಟ ಶಿಖರದವರು ನೆಟ್ಟಗೆ ಗೋಲು ಹೊಡೆಯುತ್ತಾರೆಯೇ?

ಉಳಿ_ಬಾಚಿ
ಕಾರಣ ಸರಳ. ಹಸಿ ಮರ. ಆ ಶಿಖರ ಕಲ್ಲಿನದಲ್ಲ, ಒಳಗಿರುವುದೆಲ್ಲ ಓಕ್ ಮರದ ಚೌಕಟ್ಟು. ಹಸಿಯಾಗಿದ್ದಾಗಲೇ ಕೊಯ್ದು ನಿಲ್ಲಿಸಿದ್ದಾರೆ, ಒಣಗುತ್ತಾ ಒಣಗುತ್ತಾ ತಿರುಚಿಕೊಂಡಿದೆ. ನಮ್ಮ ತಂದೆ ಬಡಗಿ. ಹಲಸಿನ ಹಲಗೆಯನ್ನು ಅಟ್ಟದಲ್ಲಿ ಎರಡು ಮಳೆಗಾಲ ಇಟ್ಟ ಮೇಲೆಯೇ ಬಾಗಿಲಿಗೆ ಇಳಿಸುತ್ತಿದ್ದರು. ಅವಸರಪಟ್ಟ ಗಿರಾಕಿಗಳಿಗೆ "ಈಗ ಬೇಕೋ, ನೆಟ್ಟಗೆ ಬೇಕೋ" ಎಂದು ಕೇಳುತ್ತಿದ್ದರು. ಚೆಸ್ಟರ್‌ಫೀಲ್ಡ್‌ನವರು "ಈಗ" ಎಂದಿರಬೇಕು.

ಕಡತದ_ಹುಳು
ಉಳಿಬಾಚಿಯವರೇ, ನಿಮ್ಮ ತಂದೆಯವರ ಮಾತು ಬಾಗಿಲಿಗೆ ಸರಿ, ಈ ಶಿಖರಕ್ಕೆ ಅರ್ಧ ಸರಿ. ಆ ಕಾಲದ ಇಂಗ್ಲೆಂಡಿನಲ್ಲಿ ಓಕ್ ಮರವನ್ನು ಹಸಿಯಾಗಿಯೇ ಬಳಸುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಹಸಿಯಾಗಿ ಕೆತ್ತಿ, ಮರದ ಗೂಟ ಹೊಡೆದು ಜೋಡಿಸಿದರೆ ಒಣಗುವಾಗ ಕೂಡುಗಳು ಇನ್ನಷ್ಟು ಬಿಗಿಯಾಗುತ್ತವೆ ಎಂಬುದು ಅವರ ಲೆಕ್ಕಾಚಾರ. ಹಾಗೆ ಕಟ್ಟಿದ ಕಣಜಗಳು, ಚರ್ಚಿನ ಮಾಡುಗಳು ಎಷ್ಟೋ ಈಗಲೂ ನೆಟ್ಟಗಿವೆ. ಹಸಿ ಮರವೊಂದೇ ಕಾರಣವಾಗಿದ್ದರೆ ಇಡೀ ಇಂಗ್ಲೆಂಡೇ ಸೊಟ್ಟಗಿರಬೇಕಿತ್ತು.

ಸಾಮಾನ್ಯವಾಗಿ ಹೇಳುವ ಇನ್ನೊಂದು ಕಾರಣ ಪ್ಲೇಗು. ಶಿಖರ ಎದ್ದದ್ದು ಸುಮಾರು 1362ರಲ್ಲಿ. 1348-49ರ ಮಹಾಮಾರಿ ಹೋಗಿ ಹದಿಮೂರು ವರ್ಷವಾಗಿತ್ತು. 1361ರಲ್ಲಿ ಅದು ಮತ್ತೆ ಬಂದಿತು. ಕೈಪಳಗಿದ ಬಡಗಿಗಳು ಸತ್ತಿದ್ದರು, ಉಳಿದವರು ಅರೆಬರೆ ಕಲಿತವರು, ಆದ್ದರಿಂದ ಚೌಕಟ್ಟಿನೊಳಗೆ ಹಾಕಬೇಕಾದಷ್ಟು ಓರೆ ತೊಲೆಗಳನ್ನು ಹಾಕಲಿಲ್ಲ ಎಂಬ ವಾದ.

ಸುಮ್ಮನೆ_ಓದುವವಳು
ಓರೆ ತೊಲೆ ಇಲ್ಲದಿದ್ದರೆ ಏನಾಗುತ್ತದೆ? ಸಿವಿಲ್ ಓದದವರಿಗೂ ಅರ್ಥವಾಗುವಂತೆ ಹೇಳಿ.

ಲೆಕ್ಕದ_ಮೇಷ್ಟರು
ಎಂಟು ಪೊರಕೆ ಕಡ್ಡಿ ತೆಗೆದುಕೊಳ್ಳಿ. ಒಂದು ತಟ್ಟೆಯಲ್ಲಿ ಚಪಾತಿ ಹಿಟ್ಟನ್ನು ಬಳೆಯಂತೆ ಒತ್ತಿ, ಕಡ್ಡಿಗಳನ್ನು ಅದರಲ್ಲಿ ವೃತ್ತವಾಗಿ ನೆಟ್ಟು, ತುದಿಗಳನ್ನು ಒಟ್ಟುಗೂಡಿಸಿ ದಾರ ಕಟ್ಟಿ. ನಡುವೆ ಅಲ್ಲಲ್ಲಿ ಸುತ್ತಲೂ ಅಡ್ಡ ಕಡ್ಡಿ ಕಟ್ಟಿ, ಓರೆಯಾಗಿ ಮಾತ್ರ ಯಾವುದನ್ನೂ ಕಟ್ಟಬೇಡಿ. ಈಗ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಅದು ನೇರ ಕುಸಿಯುವುದಿಲ್ಲ, ಮೊದಲು ಒಂದು ಬದಿಗೆ ತಿರುಗುತ್ತದೆ. ನಾಲ್ಕು ಮೂಲೆಯ ಚೌಕಟ್ಟು ಹಾರೆಯಂತೆ ಓರೆಯಾಗಬಲ್ಲದು, ಮೂರು ಮೂಲೆಯದು ಆಗದು. ಓರೆ ತೊಲೆ ಹಾಕುವುದೆಂದರೆ ಚೌಕಗಳನ್ನು ತ್ರಿಕೋನಗಳಾಗಿ ಒಡೆಯುವುದು. ಅಷ್ಟೇ ವಿದ್ಯೆ.

ಉಳಿ_ಬಾಚಿ
'ಹಾರೆಯಂತೆ' ಅಲ್ಲ ಮೇಷ್ಟರೇ, 'ಹಗ್ಗ ಸಡಿಲವಾದ ಮಂಚದಂತೆ' ಎನ್ನಿ. ಹಾರೆ ಯಾವಾಗ ಓರೆಯಾಗಿದೆ?

ಲೆಕ್ಕದ_ಮೇಷ್ಟರು
ಒಪ್ಪಿದೆ. ಮಂಚವೇ ಸರಿ. ಉಪಮೆಯಲ್ಲಿ ಒಂದು ಅಂಕ ಕಳೆದುಕೊಂಡೆ.

ಡರ್ಬಿಯ_ದಾರಿಹೋಕ
ನೀವೆಲ್ಲ ಸೀಸವನ್ನು ಮರೆತೇಬಿಟ್ಟಿರಿ. ಈಗ ಹೆಚ್ಚಿನವರು ಒಪ್ಪುವ ಕಾರಣ ಅದೇ. ಮೊದಲು ಶಿಖರಕ್ಕೆ ಹೊದಿಸಿದ್ದು ಮರದ ಬಿಲ್ಲೆಗಳು, ಹಗುರ. ಎಷ್ಟೋ ಕಾಲದ ಮೇಲೆ ಅದನ್ನು ತೆಗೆದು ಸೀಸದ ತಗಡು ಹೊದಿಸಿದರು. 30 ಟನ್ನಿಗೂ ಹೆಚ್ಚು ಸೀಸ! ಆ ಚೌಕಟ್ಟನ್ನು ಮಾಡಿದವನು ಇಷ್ಟು ಭಾರವನ್ನು ಕನಸಿನಲ್ಲೂ ಲೆಕ್ಕ ಹಾಕಿರಲಿಲ್ಲ. ಅದರ ಮೇಲೆ ಬಿಸಿಲು. ಸೀಸ ಬಿಸಿಯಾದರೆ ಮರಕ್ಕಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ. ಇಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಯೇ ಇರುತ್ತಾನೆ, ನಮ್ಮಲ್ಲಿನಂತೆ ನೆತ್ತಿಗೆ ಬರುವುದಿಲ್ಲ. ಹಾಗಾಗಿ ದಕ್ಷಿಣದ ಮುಖಗಳು ಕಾಯುತ್ತವೆ, ಉತ್ತರದವು ತಣ್ಣಗೇ ಉಳಿಯುತ್ತವೆ. ದಿನ ದಿನವೂ ಒಂದು ಕಡೆ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ನೂರಾರು ವರ್ಷ. ಹೊದಿಕೆ ಬದಲಾಗುವ ಮೊದಲು ಶಿಖರ ಸೊಟ್ಟಗಿತ್ತು ಎಂದು ಹೇಳುವ ಒಂದೇ ಒಂದು ದಾಖಲೆ ಇಲ್ಲ.

ಕಡತದ_ಹುಳು
ದಾಖಲೆ ಇಲ್ಲ ಎಂದ ಮಾತ್ರಕ್ಕೆ ಸೊಟ್ಟ ಇರಲಿಲ್ಲ ಎನ್ನುವುದು ಹೇಗೆ? ಹದಿನಾಲ್ಕನೇ ಶತಮಾನದ ಗುಮಾಸ್ತ ಬರೆಯುತ್ತಿದ್ದುದು ಧಾನ್ಯದ ಲೆಕ್ಕ, ಮೇಣದ ಬತ್ತಿಯ ಲೆಕ್ಕ. "ಇಂದು ನಮ್ಮ ಶಿಖರ ಸ್ವಲ್ಪ ವಾಲಿದಂತೆ ಕಂಡಿತು" ಎಂದು ಯಾರು ಬರೆದಿಡುತ್ತಾರೆ? ಅದೂ ತಾವೇ ದುಡ್ಡು ಕೊಟ್ಟು ಕಟ್ಟಿಸಿದ್ದರೆ?

ಡರ್ಬಿಯ_ದಾರಿಹೋಕ
ವಾದಕ್ಕೆ ವಾದ ಸರಿ. ಆದರೆ 30 ಟನ್ ಸೀಸದ ಮುಂದೆ ನಿಮ್ಮ ಗುಮಾಸ್ತನ ಮೌನ ಹಗುರವಾಯಿತು.

ಕಡತದ_ಹುಳು
ಸೀಸ ಕಾರಣವಲ್ಲ ಎನ್ನುತ್ತಿಲ್ಲ. ಓರೆ ತೊಲೆ ಸರಿಯಾಗಿದ್ದಿದ್ದರೆ ಸೀಸ ಹೊತ್ತೂ ನೆಟ್ಟಗಿರುತ್ತಿತ್ತು, ಸೀಸ ಬಾರದಿದ್ದರೆ ಓರೆ ತೊಲೆ ಇಲ್ಲದೆಯೂ ನಿಂತಿರುತ್ತಿತ್ತು. ಒಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಬೇಡಿ ಎಂದಷ್ಟೇ ನನ್ನ ತಕರಾರು.

ಫಳ್ನೀರಿನವನು
ಪ್ಯಾರಿಷ್ ಎಂದರೇನು ಎಂದು ಯಾರೂ ಹೇಳಲಿಲ್ಲ. ನಮ್ಮ ಕನ್ನಡ ಕ್ರೈಸ್ತರಲ್ಲಿ ಅದಕ್ಕೆ 'ಧರ್ಮಕೇಂದ್ರ' ಎನ್ನುತ್ತಾರೆ, ಕೊಂಕಣಿಯಲ್ಲಿ 'ಫಿರ್ಗಜ್'. ಒಂದು ಸೀಮೆಯ ಮನೆಗಳೆಲ್ಲ ಒಂದು ಚರ್ಚಿಗೆ ಸೇರಿದವು. ಹುಟ್ಟಿದರೆ ಅಲ್ಲಿ ಹೆಸರು, ಮದುವೆ ಅಲ್ಲಿ, ಮಣ್ಣಾಗುವುದೂ ಅಲ್ಲಿಯೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದು ಆಯ್ಕೆಯ ಮಾತೇ ಆಗಿರಲಿಲ್ಲ. ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಹೋಗಲೇಬೇಕಿತ್ತು.

ಇನ್ನೊಂದು ಮಾತು. ಈ ಚರ್ಚು ಕಟ್ಟಿದಾಗ ಅದು ನಮ್ಮವರದೇ, ಕಥೋಲಿಕರದು. ರಾಜ ಎಂಟನೇ ಹೆನ್ರಿ ರೋಮಿನ ಪೋಪರ ಜೊತೆ ಜಗಳವಾಡಿದ ಮೇಲೆ ಆಂಗ್ಲಿಕನ್ನರದಾಯಿತು, ಅಂದರೆ ರೋಮಿನಿಂದ ಬೇರೆಯಾದ ಇಂಗ್ಲೆಂಡಿನ ಚರ್ಚಿನವರದು. ಅವನ ಮಗ ಆರನೇ ಎಡ್ವರ್ಡ್‌ನ ಕಾಲದಲ್ಲಿ ಇಂಗ್ಲೆಂಡಿನ ಚರ್ಚುಗಳ ಗೋಡೆಚಿತ್ರಗಳಿಗೆಲ್ಲ ಸುಣ್ಣ ಬಳಿದರು, ಪ್ರತಿಮೆಗಳನ್ನು ಇಳಿಸಿದರು. ಈಗ ಹಳೆಯ ಇಂಗ್ಲಿಷ್ ಚರ್ಚೆಂದರೆ ಬರಿಯ ಬೂದು ಕಲ್ಲು, ಗಂಭೀರ ಮೌನ ಎಂದುಕೊಳ್ಳುತ್ತೇವೆ. ಆಗ ಒಳಗೆ ಹೋಗಿದ್ದರೆ ಕೆಂಪು, ಹಸಿರು, ಚಿನ್ನದ ಬಣ್ಣ, ಮೇಣದ ಹೊಗೆ, ಸಂತರ ಮೂರ್ತಿಗಳು. ಕೂರಲು ಬೆಂಚು ಕೂಡ ಹೆಚ್ಚಾಗಿ ಇರುತ್ತಿರಲಿಲ್ಲ, ಜನ ನಿಂತೇ ಇರುತ್ತಿದ್ದರು, ಮಂಡಿಯೂರುತ್ತಿದ್ದರು.

ಸುಮ್ಮನೆ_ಓದುವವಳು
ಬಣ್ಣದ ವಿಷಯ ಗೊತ್ತೇ ಇರಲಿಲ್ಲ. ಈಗ ಆ ಬೂದು ಗೋಡೆಗಳನ್ನು ನೋಡಿದರೆ ಸಂಕಟವಾಗುತ್ತದೆ.

ಊರುಗೋಲು
ಇದೇ ಚರ್ಚಿನಲ್ಲಿ ರೈಲಿನ ಪಿತಾಮಹ ಜಾರ್ಜ್ ಸ್ಟೀಫನ್ಸನ್ ಅವರ ಸಮಾಧಿ ಇದೆ. ನಾನು ನೋಡಿದ್ದೇನೆ.

ಡರ್ಬಿಯ_ದಾರಿಹೋಕ
ನೀವು ನೋಡಿದ್ದು ಬೇರೆ ಚರ್ಚು. ಸ್ಟೀಫನ್ಸನ್ 1848ರಲ್ಲಿ ತೀರಿಕೊಂಡದ್ದು ಚೆಸ್ಟರ್‌ಫೀಲ್ಡ್‌ನ ಟ್ಯಾಪ್ಟನ್ ಹೌಸ್‌ನಲ್ಲಿ ನಿಜ, ಆದರೆ ಸಮಾಧಿ ಇರುವುದು ಅದೇ ಊರಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ. ಸೊಟ್ಟ ಶಿಖರದ ಚರ್ಚಿನಲ್ಲಿ ನೋಡಬೇಕಾದ ಸಮಾಧಿಗಳು ಫೋಲ್ಜಾಂಬ್ ಎಂಬ ಜಮೀನ್ದಾರ ಮನೆತನದವು. ಬಿಳಿಯ ಅಲಬಾಸ್ಟರ್ ಕಲ್ಲಿನವು. ಅಮೃತಶಿಲೆ ಎಂದುಕೊಳ್ಳಬೇಡಿ, ಅದು ಜಿಪ್ಸಮ್ಮಿನ ಜಾತಿ, ಉಗುರಿಗೂ ಗೀರು ಬೀಳುವಷ್ಟು ಮೆದು. ಅದಕ್ಕೇ ಅದರಲ್ಲಿ ಬಟ್ಟೆಯ ನೆರಿಗೆ, ಬೆರಳಿನ ಗೆಣ್ಣು ಎಲ್ಲ ಅಷ್ಟು ಸೂಕ್ಷ್ಮವಾಗಿ ಬಂದಿರುವುದು.

ಊರುಗೋಲು
ಹೌದು, ನೀವೇ ಸರಿ. ಅಂದು ಮಳೆ, ಕನ್ನಡಕದ ಮೇಲೆ ನೀರು. ಒಂದೇ ದಿನ ಎರಡು ಚರ್ಚು ನೋಡಿದ್ದೆ.

ಒಗ್ಗರಣೆ_ಡಬ್ಬಿ
ಸೈತಾನನ ಕತೆ ಅರ್ಧಕ್ಕೆ ನಿಂತಿತು. ಪೂರ್ತಿ ಹೇಳಿ ಯಾರಾದರೂ. ಸೀಸ, ತೊಲೆ ಕೇಳಿ ಹೊಟ್ಟೆ ತುಂಬಿತು.

ಊರುಗೋಲು
ಅದನ್ನು ನಾನು ಹೇಳುತ್ತೇನೆ, ಇದರಲ್ಲಿ ತಪ್ಪಾಗದು. ಹತ್ತಿರದ ಬೋಲ್ಸೋವರ್‌ನ ಕಮ್ಮಾರನೊಬ್ಬ ಸೈತಾನನ ಗೊರಸಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಇಳಿದುಬಿಟ್ಟಿತಂತೆ. ಸೈತಾನ ನೋವಿನಿಂದ ಎಗರಿ ಓಡುವಾಗ ಶಿಖರಕ್ಕೆ ಒದ್ದನಂತೆ. ಇನ್ನೊಂದು ಕತೆಯಲ್ಲಿ ಅವನು ಬಾಲವನ್ನು ಶಿಖರಕ್ಕೆ ಸುತ್ತಿಕೊಂಡು ಕುಳಿತಿದ್ದಾಗ ಕೆಳಗಿನ ಧೂಪದ ಹೊಗೆಗೆ ಸೀನು ಬಂತಂತೆ. ಮೂರನೆಯದು, ಕನ್ಯೆಯೊಬ್ಬಳು ಮದುವೆಗೆ ಬಂದಳಂತೆ, ಅಪರೂಪದ ದೃಶ್ಯವೆಂದು ಶಿಖರವೇ ಬಗ್ಗಿ ನೋಡಿತಂತೆ. ಇನ್ನೊಬ್ಬಳು ಬಂದರೆ ನೆಟ್ಟಗಾಗುತ್ತದಂತೆ.

ಸುಮ್ಮನೆ_ಓದುವವಳು
ಮೂರನೆಯ ಕತೆ ಕಟ್ಟಿದವನು ಖಂಡಿತ ಪಕ್ಕದೂರಿನ ಗಂಡಸು. ಊರಿನ ಹೆಂಗಸರು ಆರು ನೂರು ವರ್ಷದಿಂದ ಇದನ್ನು ಸಹಿಸಿಕೊಂಡಿದ್ದಾರಲ್ಲ!

ಒಗ್ಗರಣೆ_ಡಬ್ಬಿ
ನನಗೆ ಕಮ್ಮಾರನದೇ ಇಷ್ಟ. ಕೆಲಸ ಕೆಡಿಸಿದವನು ಬಡಗಿಯಲ್ಲ, ಕಮ್ಮಾರ ಎಂದು ಬಡಗಿಗಳೇ ಹಬ್ಬಿಸಿದ ಸುದ್ದಿ ಇರಬೇಕು.

ಉಳಿ_ಬಾಚಿ
ನಮ್ಮವರ ಮೇಲೆ ಅಪವಾದ ಬೇಡ.

ಮನೆಸಾಲದವನು
ವಿಷಯಾಂತರಕ್ಕೆ ಕ್ಷಮಿಸಿ. ಹಳೆಯ ಪ್ಯಾರಿಷ್ ಚರ್ಚು ಎಂದ ಕೂಡಲೇ ನನಗೆ ಹೊಟ್ಟೆ ಕಿವುಚುತ್ತದೆ. ವಾರ್ವಿಕ್‌ಶೈರ್ ಕಡೆ ಮನೆ ಕೊಳ್ಳುವಾಗ ವಕೀಲರು "ಚಾನ್ಸೆಲ್ ದುರಸ್ತಿ ಹೊಣೆಗೆ ವಿಮೆ ಮಾಡಿಸಿ" ಎಂದು ಒಂದು ಚೀಟಿ ಕಳುಹಿಸಿದರು. ನಾನು ಹಿಂದೂ, ಚರ್ಚಿನ ಮೆಟ್ಟಿಲೂ ಹತ್ತಿದವನಲ್ಲ. ಚರ್ಚಿನ ಸೂರು ಸೋರಿದರೆ ನಾನೇಕೆ ದುಡ್ಡು ಕೊಡಬೇಕು? ಇದು ಮೋಸವೇ?

ಕಡತದ_ಹುಳು
ಮೋಸವಲ್ಲ, ಇದು ನನ್ನ ಅಚ್ಚುಮೆಚ್ಚಿನ ವಿಷಯ. ಮಧ್ಯಯುಗದ ಚರ್ಚಿನಲ್ಲಿ ಎರಡು ಭಾಗ. ಜನ ನಿಲ್ಲುವ ಉದ್ದನೆಯ ನಡುಭಾಗ ನೇವ್. ಪೂರ್ವದ ಕಡೆ ಬಲಿಪೀಠವಿರುವ ಭಾಗ ಚಾನ್ಸೆಲ್. ನೇವ್ ದುರಸ್ತಿ ಊರಿನವರ ಪಾಲು. ಚಾನ್ಸೆಲ್ ದುರಸ್ತಿ, ಹತ್ತನೇ ಒಂದು ಪಾಲನ್ನು ತಿನ್ನುವ ರೆಕ್ಟರ್‌ನ ಪಾಲು. ಎಷ್ಟೋ ಕಡೆ ಈ ಹಕ್ಕು ಸನ್ಯಾಸಿ ಮಠಗಳ ಕೈಯಲ್ಲಿತ್ತು. 1536ರಿಂದ 1540ರ ನಡುವೆ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ಮಾರಿದ. ಕೊಂಡವರಿಗೆ ಜಮೀನಿನ ಜೊತೆ ಈ ಹೊಣೆಯೂ ಬಂತು. ಜಮೀನು ಕೈ ಬದಲಾದಂತೆಲ್ಲ ಹೊಣೆಯೂ ಸದ್ದಿಲ್ಲದೆ ಬೆನ್ನಿಗೆ ಬಿತ್ತು.

ನಿಮ್ಮ ವಾರ್ವಿಕ್‌ಶೈರ್‌ನದೇ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಒಂದು ದಂಪತಿಗೆ ಹೀಗೇ ಸುಮಾರು 95,000 ಪೌಂಡಿನ ದುರಸ್ತಿ ಬಿಲ್ಲು ಬಂತು. ಕೋರ್ಟು ಹತ್ತಿದರು. 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ವಿರುದ್ಧವೇ ತೀರ್ಪು ಕೊಟ್ಟಿತು. ಆಮೇಲೆ ನಿಯಮ ಸ್ವಲ್ಪ ಸಡಿಲವಾಯಿತು. 2013ರ ಅಕ್ಟೋಬರ್ ಬಳಿಕ ದುಡ್ಡು ಕೊಟ್ಟು ಆಸ್ತಿ ಕೊಳ್ಳುವವರಿಗೆ, ನೋಂದಣಿಯಲ್ಲಿ ಮೊದಲೇ ದಾಖಲಾಗಿದ್ದರೆ ಮಾತ್ರ ಈ ಹೊಣೆ ಅಂಟುತ್ತದೆ. ಆದರೂ ವಕೀಲರು ತಮ್ಮ ಸುರಕ್ಷತೆಗೆ ವಿಮೆ ಮಾಡಿಸಿ ಎನ್ನುತ್ತಾರೆ. ಒಮ್ಮೆ ಕಟ್ಟುವ ಸಣ್ಣ ಮೊತ್ತ, ಕಟ್ಟಿ ನೆಮ್ಮದಿಯಾಗಿರಿ.

ಮನೆಸಾಲದವನು
ಧನ್ಯವಾದ. ಹೆನ್ರಿಯ ಸಾಲ ನನ್ನ ಗೃಹಸಾಲದ ಜೊತೆ ಸೇರಿತೆಂದು ಹೆಂಡತಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ.

ನೀಲಗಿರಿತೋಪು
ಅಬ್ಬಾ, ಇಷ್ಟೊಂದು ಉತ್ತರಗಳೇ! ಎಲ್ಲರಿಗೂ ಧನ್ಯವಾದ. ಮೇಷ್ಟರ ಪೊರಕೆ ಕಡ್ಡಿ ಪ್ರಯೋಗ ಮಾಡಿದೆವು. ಇಲ್ಲಿ ತೆಂಗಿನ ಗರಿಯ ಪೊರಕೆ ಎಲ್ಲಿಂದ ತರುವುದು? ಬೇಯಿಸದ ಸ್ಪಗೆಟ್ಟಿ ಬಳಸಿದೆವು. ಮೂರು ಸಲ ಪಟಪಟನೆ ಮುರಿಯಿತು. ನಾಲ್ಕನೆಯ ಸಲ ಮಗ ತುದಿಗೆ ಸ್ವಲ್ಪ ಚಪಾತಿ ಹಿಟ್ಟು ಮೆತ್ತಿದ, ಸೀಸವಂತೆ. ಮೆತ್ತಗೆ ಎಡಕ್ಕೆ ತಿರುಗಿ ಹಾಗೇ ನಿಂತಿತು. ರಾತ್ರಿಯಿಡೀ ಊಟದ ಮೇಜಿನ ಮೇಲೇ ಇತ್ತು. ಯಾರೂ ಅದನ್ನು ಮುಟ್ಟಬಾರದೆಂದು ಅಪ್ಪಣೆ.

ಆದರೆ ನನ್ನ ಎರಡನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಯಾಕೆ ನೆಟ್ಟಗೆ ಮಾಡಲಿಲ್ಲ?

ಉಳಿ_ಬಾಚಿ
ನೆಟ್ಟಗೆ ಮಾಡಬೇಕೆಂದರೆ ಎಲ್ಲ ಬಿಚ್ಚಬೇಕು ತಾಯಿ. ತಿರುಚಿ ಒಣಗಿದ ಓಕ್ ತೊಲೆ ಈಗ ಕಬ್ಬಿಣ. ಅದು ಆ ಸೊಟ್ಟ ಆಕಾರದಲ್ಲೇ ಹೊಂದಿಕೊಂಡು ಭಾರ ಹೊರುತ್ತಿದೆ. ಎಳೆದು ನೇರ ಮಾಡಲು ಹೋದರೆ ಕೂಡುಗಳು ಬಿಟ್ಟುಕೊಳ್ಳುತ್ತವೆ. ಮುರಿದ ಕಡೆ ತೇಪೆ ಹಾಕಿ, ಆಧಾರ ಕೊಟ್ಟು, ಮೇಲೆ ಸೀಸ ಸರಿಪಡಿಸುತ್ತಾ ಇರುವುದೇ ಜಾಣತನ.

ಡರ್ಬಿಯ_ದಾರಿಹೋಕ
ಜೊತೆಗೆ, ಅದು ನೆಟ್ಟಗಾದರೆ ಯಾರು ನೋಡಲು ಬರುತ್ತಾರೆ? ನೆಟ್ಟಗಿನ ಶಿಖರಗಳು ಇಂಗ್ಲೆಂಡಿನಲ್ಲಿ ಬೀದಿಗೊಂದು. ತಿರುಚಿದ ಶಿಖರಗಳು ಇನ್ನೂ ಇವೆ, ಶ್ರಾಪ್‌ಶೈರ್‌ನ ಕ್ಲೀಬರಿ ಮಾರ್ಟಿಮರ್‌ನಲ್ಲಿ, ಡೆವನ್‌ನ ಬಾರ್ನ್‌ಸ್ಟೇಪಲ್‌ನಲ್ಲಿ. ಯುರೋಪಿನಲ್ಲಿ ತಿರುಚಿದ ಶಿಖರಗಳದೇ ಒಂದು ಸಂಘವಿದೆ, ಚೆಸ್ಟರ್‌ಫೀಲ್ಡ್ ಅದರ ಸದಸ್ಯ. ಆದರೆ ಇಷ್ಟು ನಾಟಕೀಯವಾದದ್ದು ಇದೇ.

ಕಣ್ಣಿಗೆ ಅದು 45 ಡಿಗ್ರಿಗಿಂತ ಹೆಚ್ಚು ತಿರುಚಿದಂತೆ ಕಾಣುವುದಕ್ಕೆ ಒಂದು ಕಾರಣವಿದೆ. ಸೀಸದ ತಗಡುಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ್ದಾರೆ. ಒಂದೊಂದು ಮುಖದಲ್ಲೂ ನಡುವೆ ಗೆರೆ, ಎರಡು ಕಡೆಗೂ ಓರೆ ಪಟ್ಟಿಗಳು. ಎಂಟು ಮುಖದ ಶಿಖರ ಹದಿನಾರು ಮುಖದ್ದೆಂದೂ, ನಡುವೆ ಕಾಲುವೆ ಕೊರೆದಿದೆಯೆಂದೂ ಭ್ರಮೆಯಾಗುತ್ತದೆ. ಹತ್ತಿರದಿಂದ ನೋಡಿದರೆ ಮುಖಗಳು ಚಪ್ಪಟೆ.

ಕಡತದ_ಹುಳು
ಇಷ್ಟೆಲ್ಲ ಆಗಿಯೂ ಅದನ್ನು ನಾವು ಕಳೆದುಕೊಳ್ಳುವ ಗಳಿಗೆ ಬಂದಿತ್ತು. 1961ರ ಡಿಸೆಂಬರ್ 22, ಕ್ರಿಸ್‌ಮಸ್‌ಗೆ ಮೂರು ದಿನ ಮುಂಚೆ, ಚರ್ಚಿಗೆ ಬೆಂಕಿ ಬಿತ್ತು. ಉತ್ತರದ ಪಾರ್ಶ್ವದ ಒಳಭಾಗ ಸುಟ್ಟಿತು. ಸ್ನೆಟ್ಜ್‌ಲರ್ ಎಂಬಾತ 1756ರಲ್ಲಿ ಮಾಡಿದ ಆರ್ಗನ್, ಅಂದರೆ ಕೊಳವೆಗಳಿಗೆ ಗಾಳಿ ಊದಿ ನುಡಿಸುವ ದೊಡ್ಡ ವಾದ್ಯ, ಹೋಯಿತು. ಒಣಗಿದ ಓಕ್ ಮರದ ಆ ಶಿಖರ ಹೊತ್ತಿಕೊಂಡಿದ್ದರೆ ಕೊಳವೆಯೊಲೆಯೇ ಸರಿ. ಅಗ್ನಿಶಾಮಕದವರು ಬೆಂಕಿ ಅದಕ್ಕೆ ಏರದಂತೆ ತಡೆದರು. ಆಮೇಲೆ ಗ್ಲಾಸ್ಗೋ ನಗರ ಸಭಾಭವನದಲ್ಲಿದ್ದ ಹಳೆಯ ಆರ್ಗನ್ ಒಂದನ್ನು ತಂದು ಕೂರಿಸಿದರು.

ಫಳ್ನೀರಿನವನು
ಚರ್ಚಿನ ಗಂಟೆಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಇಂಗ್ಲಿಷರ ಗಂಟೆ ಬಾರಿಸುವ ಪದ್ಧತಿ ನಮ್ಮದರಂತಲ್ಲ, ರಾಗವೇ ಇರುವುದಿಲ್ಲ. ಲಂಡನ್ನಿನಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಕೇಳಿ ತಲೆಚಿಟ್ಟು ಹಿಡಿಯುತ್ತಿತ್ತು.

ಲೆಕ್ಕದ_ಮೇಷ್ಟರು
ರಾಗವಲ್ಲ ಅದು, ಗಣಿತ! ಏಳು ಗಂಟೆಗಳಿದ್ದರೆ ಅವನ್ನು 5,040 ಕ್ರಮಗಳಲ್ಲಿ ಬಾರಿಸಬಹುದು. ಒಂದು ಕ್ರಮವೂ ಎರಡನೇ ಸಲ ಬರಬಾರದು, ಒಂದು ಸುತ್ತಿನಿಂದ ಮುಂದಿನದಕ್ಕೆ ಯಾವ ಗಂಟೆಯೂ ಒಂದು ಸ್ಥಾನಕ್ಕಿಂತ ಹೆಚ್ಚು ಸರಿಯಬಾರದು. ಪೂರ್ತಿ ಬಾರಿಸಲು ಸುಮಾರು ಮೂರು ತಾಸು ಬೇಕು. ಕಾಗದ ನೋಡುವಂತಿಲ್ಲ, ಎಲ್ಲ ಬಾಯಿಪಾಠ. ಚೆಸ್ಟರ್‌ಫೀಲ್ಡ್‌ನಲ್ಲಿ ಹತ್ತು ಗಂಟೆಗಳಿವೆ. ಹತ್ತಕ್ಕೆ ಕ್ರಮಗಳು 36,28,800. ಎಲ್ಲವನ್ನೂ ಒಂದೇ ಸಮನೆ ಬಾರಿಸುತ್ತೇವೆಂದು ಹೊರಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಗ್ಗರಣೆ_ಡಬ್ಬಿ
ಈಗ ಗೊತ್ತಾಯಿತು ಸೈತಾನ ಯಾಕೆ ಓಡಿದನೆಂದು.

ನೀಲಗಿರಿತೋಪು
ಇಂದು ಹೋಗಿ ಬಂದೆವು. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಕೆಳಗೆ ನಿಂತು ಕತ್ತೆತ್ತಿದರೆ ಶಿಖರ ನಮ್ಮ ಮೇಲೇ ಬೀಳುವಂತೆ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಚರ್ಚನ್ನು ಒಂದು ಸುತ್ತು ಹಾಕಿದರೆ ಒಂದೊಂದು ಕಡೆಯಿಂದಲೂ ಬೇರೆ ಬೇರೆ ಥರ ಸೊಟ್ಟ. ಒಂದು ಮೂಲೆಯಿಂದ ಹೆಚ್ಚುಕಡಿಮೆ ನೆಟ್ಟಗೇ ಕಾಣುತ್ತದೆ, ನಾಲ್ಕು ಹೆಜ್ಜೆ ಮುಂದಿಟ್ಟರೆ ಮತ್ತೆ ವಾಲುತ್ತದೆ.

ಗೋಪುರಕ್ಕೆ ಕರೆದೊಯ್ದು ತೋರಿಸುವ ಪ್ರವಾಸಕ್ಕೆ ಟಿಕೆಟ್ ಸಿಕ್ಕಿತು. ಕಿರಿದಾದ ಸುರುಳಿ ಮೆಟ್ಟಿಲು, ಎದುರು ಬರುವವರಿಗೆ ದಾರಿ ಬಿಡಲು ಗೋಡೆಗೆ ಅಂಟಿಕೊಳ್ಳಬೇಕು. ಮೇಲೆ ಶಿಖರದ ಬುಡದಲ್ಲಿ ನಿಂತು ಒಳಗೆ ನೋಡಿದೆವು. ಉಳಿಬಾಚಿಯವರೇ, ನೀವು ನೋಡಲೇಬೇಕು. ಕತ್ತಲಲ್ಲಿ ತೊಲೆಯ ಮೇಲೆ ತೊಲೆ, ಒಂದರ ಬೆನ್ನಿಗೊಂದು ಒರಗಿದ ತುಂಡುಗಳು, ಹಳೆಯ ಮರಕ್ಕೆ ಹೊಸ ಮರದ ತೇಪೆ, ನಡುನಡುವೆ ಕಬ್ಬಿಣದ ಪಟ್ಟಿ. ಯಾವುದೂ ನೇರವಿಲ್ಲ. ಹಳೆಯ ಅಟ್ಟದ ವಾಸನೆ.

ಮೇಷ್ಟರೇ, ಕೇಳಲೇಬೇಕೆಂದು ಮಗ ಪಟ್ಟುಹಿಡಿದಿದ್ದಾನೆ: ಓರೆ ತೊಲೆಗಳನ್ನು ಆಮೇಲೆ ಹಾಕಿದರೂ ಪ್ರಯೋಜನವಾಗುತ್ತದೆಯೇ? ಅವನ ಸ್ಪಗೆಟ್ಟಿ ಇಂದು ಮತ್ತಷ್ಟು ವಾಲಿದೆ.

ಲೆಕ್ಕದ_ಮೇಷ್ಟರು
ವಾಲಿದ್ದು ವಾಪಸ್ಸು ಬರುವುದಿಲ್ಲ, ಆದರೆ ಮುಂದೆ ವಾಲುವುದು ನಿಲ್ಲಬಹುದು. ಎರಡು ಓರೆ ಕಡ್ಡಿ, ಕೂಡುಗಳಿಗೆ ಒದ್ದೆ ಹಿಟ್ಟು. ಮೈದಾ ಬೇಡ, ಗೋಧಿ ಹಿಟ್ಟೇ ಇರಲಿ.

ಉಳಿ_ಬಾಚಿ
ಎರಡು ಸಾಲದು, ಎಂಟು ಹಾಕಿಸಿ. ಮತ್ತೆ ಆ ಮರದ ತೇಪೆಗಳ ಫೋಟೋ ಇದ್ದರೆ ದಯವಿಟ್ಟು ಹಾಕಿ, ಕೂಡು ಯಾವ ಬಗೆಯದೆಂದು ನೋಡಬೇಕು.